ದಾರಿ ತೆರೆದಿದೆಯೇ, ಕಟ್ಟಿದೆಯೇ? ಶ್ವಾಸನಾಳದ ಉರಿಯೂತಕ್ಕೆ ಕೋಡ್ ಬಂದ ಬಗೆ

ಎಳೆಯ ಮಗುವಿನ ಶ್ವಾಸನಾಳದ ಒಳಅಗಲ ಸುಮಾರು 4 ಮಿಲಿಮೀಟರ್. ಸೋಂಕು ತಗುಲಿ ಅದರ ಒಳಗೋಡೆ ಸುತ್ತಲೂ 1 ಮಿಲಿಮೀಟರ್ ಊದಿಕೊಂಡರೆ ಗಾಳಿ ಓಡಾಡುವ ಜಾಗದ ಮುಕ್ಕಾಲು ಪಾಲು ಮುಚ್ಚಿಹೋಗುತ್ತದೆ. ಉಸಿರಿಗೆ ಎದುರಾಗುವ ತಡೆ 16 ಪಟ್ಟು ಏರುತ್ತದೆ. ಅಷ್ಟೇ ಊತ 8 ಮಿಲಿಮೀಟರ್ ಅಗಲದ ನಾಳದಲ್ಲಾದರೆ ತಡೆ ಏರುವುದು ಮೂರು ಪಟ್ಟು ಚಿಲ್ಲರೆ. ಒಬ್ಬರಿಗೆ ಕೆಮ್ಮು ಜ್ವರದಲ್ಲಿ ಮುಗಿಯುವ ಕಾಯಿಲೆ ಇನ್ನೊಬ್ಬರ ಜೀವಕ್ಕೇ ಎರವಾಗುವುದು ಹೀಗೆ. ಇವೆರಡನ್ನೂ ಬೇರೆ ಮಾಡಿ ತೋರಿಸುವ ಅಂಕಿ ಇಂದು ಅಮೆರಿಕದ ಆಸ್ಪತ್ರೆಗಳ ಕೋಡ್ ಪಟ್ಟಿಯಲ್ಲಿದೆ: ತಡೆಯಿಲ್ಲದ ತೀವ್ರ ಶ್ವಾಸನಾಳ ಉರಿಯೂತಕ್ಕೆ ಜೆ04.10, ತಡೆಯಿರುವುದಕ್ಕೆ ಜೆ04.11. ಆ ಕೊನೆಯ ಒಂದು ಅಂಕಿ ಪಟ್ಟಿಯೊಳಗೆ ಬರಲು ಎರಡು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಒಂದೇ ಹೆಸರಿನಡಿ ಹಲವು ರೋಗ

1765ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಹೋಮ್ ಮಕ್ಕಳ ಗಂಟಲು ಕಟ್ಟುವ ಕಾಯಿಲೆಯ ಬಗ್ಗೆ ಪುಸ್ತಕ ಬರೆದು ‘ಕ್ರೂಪ್’ ಎಂಬ ಹೆಸರನ್ನು ವೈದ್ಯಶಾಸ್ತ್ರಕ್ಕೆ ತಂದ. ಎಡಿನ್‌ಬರೋದ ವಿಲಿಯಂ ಕಲೆನ್ ತನ್ನ ರೋಗವರ್ಗೀಕರಣದಲ್ಲಿ ಅದನ್ನು ‘ಸೈನಾಂಕೆ ಟ್ರೇಕಿಯಾಲಿಸ್’ ಎಂದು ಕರೆದ. 1799ರ ಡಿಸೆಂಬರ್ 14ರಂದು ಜಾರ್ಜ್ ವಾಷಿಂಗ್ಟನ್ ಉಸಿರು ಕಟ್ಟಿ ತೀರಿಕೊಂಡಾಗ ವೈದ್ಯರು ಪತ್ರಿಕೆಗೆ ಕೊಟ್ಟ ಹೇಳಿಕೆಯಲ್ಲಿದ್ದದ್ದು ಇದೇ ಹೆಸರು. ಅವರಲ್ಲಿ ಕಿರಿಯನಾದ ಎಲಿಶಾ ಡಿಕ್ ಶ್ವಾಸನಾಳವನ್ನು ಕೊಯ್ದು ದಾರಿ ಮಾಡೋಣ ಎಂದಿದ್ದ, ಹಿರಿಯರು ಒಪ್ಪಲಿಲ್ಲ. ಇಂದಿನ ಬಹುತೇಕ ವಿಮರ್ಶಕರ ಪ್ರಕಾರ ಅದು ಕಿರುನಾಲಿಗೆಗಿಂತ ಕೆಳಗೆ, ಧ್ವನಿಪೆಟ್ಟಿಗೆಯ ಮೇಲಿರುವ ಮುಚ್ಚಳದ ಊತ, ಅಂದರೆ ಎಪಿಗ್ಲಾಟೈಟಿಸ್. ಒಂದು ಹೆಸರು ಎಷ್ಟು ರೋಗಗಳನ್ನು ಹೊದ್ದುಕೊಂಡಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಬಿಡಿಸುವ ಕೆಲಸ ಆರಂಭವಾದದ್ದು ಫ್ರಾನ್ಸ್‌ನಲ್ಲಿ. 1826ರಲ್ಲಿ ಪಿಯರ್ ಬ್ರೆಟನೊ ಗಂಟಲಲ್ಲಿ ಪೊರೆ ಕಟ್ಟುವ ರೋಗವನ್ನು, ನಮ್ಮವರ ಗಂಟಲಮಾರಿಯನ್ನು, ಪ್ರತ್ಯೇಕ ಕಾಯಿಲೆಯಾಗಿ ವಿವರಿಸಿದ. 1884ರಲ್ಲಿ ಲೋಫ್ಲರ್ ಅದರ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದ. ಆದರೆ ಪಟ್ಟಿಗಳು ಪ್ರಯೋಗಾಲಯದ ವೇಗದಲ್ಲಿ ಬದಲಾಗುವುದಿಲ್ಲ. 1893ರಲ್ಲಿ ಜಾಕ್ ಬರ್ಟಿಲನ್ ಷಿಕಾಗೋದಲ್ಲಿ ಮಂಡಿಸಿದ ಸಾವಿನ ಕಾರಣಗಳ ಪಟ್ಟಿಯೇ ಇಂದಿನ ಐಸಿಡಿಯ, ಅಂದರೆ ಅಂತಾರಾಷ್ಟ್ರೀಯ ರೋಗವರ್ಗೀಕರಣ ಪಟ್ಟಿಯ, ಮೂಲ. ಅದರ ಮೊದಮೊದಲ ಪರಿಷ್ಕರಣೆಗಳಲ್ಲಿ ‘ಡಿಫ್ತೀರಿಯಾ ಮತ್ತು ಕ್ರೂಪ್’ ಒಂದೇ ಸಾಲಿನಲ್ಲಿದ್ದವು. ಮಗು ಉಸಿರು ಕಟ್ಟಿ ಸತ್ತಿತು ಎಂಬುದು ಗೊತ್ತಾಗುತ್ತಿತ್ತು, ಯಾವುದರಿಂದ ಎಂಬುದು ಗೊತ್ತಾಗುತ್ತಿರಲಿಲ್ಲ.

ಸಾವಿನ ಪಟ್ಟಿಯಿಂದ ಚಿಕಿತ್ಸೆಯ ಪಟ್ಟಿಗೆ

ದೊಡ್ಡ ತಿರುವು 1948ರದು. ವಿಶ್ವ ಆರೋಗ್ಯ ಸಂಸ್ಥೆ ಐಸಿಡಿಯ ಹೊಣೆ ಹೊತ್ತು ಆರನೇ ಪರಿಷ್ಕರಣೆಯಲ್ಲಿ ಸಾವಿನ ಜೊತೆಗೆ ಬದುಕಿರುವವರ ಕಾಯಿಲೆಗಳನ್ನೂ ಸೇರಿಸಿತು. ಅಷ್ಟು ಹೊತ್ತಿಗೆ ಲಸಿಕೆಯಿಂದಾಗಿ ಶ್ರೀಮಂತ ದೇಶಗಳಲ್ಲಿ ಗಂಟಲಮಾರಿ ಹಿಂದೆ ಸರಿಯುತ್ತಿತ್ತು. ಅದರ ನೆರಳಿನಲ್ಲಿ ಅಡಗಿದ್ದ ಇತರ ಕಾಯಿಲೆಗಳು ಕಣ್ಣಿಗೆ ಬೀಳತೊಡಗಿದವು.

1979ರಲ್ಲಿ ಅಮೆರಿಕದ ವೈದ್ಯರು ‘ಬ್ಯಾಕ್ಟೀರಿಯಲ್ ಟ್ರೇಕಿಯೈಟಿಸ್’, ಅಂದರೆ ಬ್ಯಾಕ್ಟೀರಿಯಾದಿಂದ ಬರುವ ಶ್ವಾಸನಾಳದ ಉರಿಯೂತ, ಎಂಬ ಹೆಸರಿನಲ್ಲಿ ಒಂದು ರೋಗಚಿತ್ರ ಕೊಟ್ಟರು. ವೈರಸ್‌ನ ಮಾಮೂಲಿ ಕ್ರೂಪ್‌ನಂತೆ ಶುರುವಾಗುವ ಕೆಮ್ಮು ಒಮ್ಮೆಲೇ ಬಿಗಡಾಯಿಸುತ್ತದೆ. ಜ್ವರ ಏರುತ್ತದೆ, ನಾಳದೊಳಗೆ ಕೀವಿನ ದಪ್ಪ ಪೊರೆ ಕೂರುತ್ತದೆ. ಕ್ರೂಪ್‌ಗೆ ಇಳಿಕೆ ಕೊಡುವ ಅಡ್ರಿನಲಿನ್ ನೆಬ್ಯುಲೈಸೇಷನ್ ಇಲ್ಲಿ ಹೆಚ್ಚು ಗುಣ ಕೊಡುವುದಿಲ್ಲ. ಹಲವು ಮಕ್ಕಳಿಗೆ ಟ್ಯೂಬ್ ಹಾಕಿ ಐಸಿಯುನಲ್ಲಿ ಇಡಬೇಕಾಗುತ್ತದೆ. ಹೆಚ್ಚಾಗಿ ಸಿಗುವ ರೋಗಾಣು ಸ್ಟ್ಯಾಫಿಲೋಕಾಕಸ್ ಆರಿಯಸ್.

ಅದೇ 1979ರಲ್ಲಿ ಅಮೆರಿಕ ಐಸಿಡಿ-9-ಸಿಎಂ ಎಂಬ ತನ್ನದೇ ವಿಸ್ತರಿತ ಪಟ್ಟಿಯನ್ನು ಬಳಕೆಗೆ ತಂದಿತು. ಅದರಲ್ಲಿ 464.11 ಎಂದರೆ ತಡೆಯಿರುವ ಶ್ವಾಸನಾಳ ಉರಿಯೂತ. 464.10 ಎಂದರೆ ತಡೆಯ ಪ್ರಸ್ತಾಪವಿಲ್ಲದ್ದು. 1983ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ರೋಗನಿರ್ಣಯದ ಗುಂಪಿನ ಆಧಾರದಲ್ಲಿ ಆಸ್ಪತ್ರೆಗಳಿಗೆ ಹಣ ಕೊಡಲಾರಂಭಿಸಿದ ಮೇಲೆ, ಸಂಖ್ಯಾಶಾಸ್ತ್ರದ ಸಾಧನವಾಗಿದ್ದ ಕೋಡ್ ಬಿಲ್ಲಿನ ಆಧಾರವೂ ಆಯಿತು. 2015ರ ಅಕ್ಟೋಬರ್ 1ರಿಂದ ಐಸಿಡಿ-10-ಸಿಎಂ ಜಾರಿಗೆ ಬಂತು. ಸುಮಾರು 14 ಸಾವಿರ ಇದ್ದ ರೋಗದ ಕೋಡ್‌ಗಳು 68 ಸಾವಿರ ದಾಟಿದವು.

ಈ ಬದಲಾವಣೆಯಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಹಳೆಯ ಕೋಡ್ ‘ವೈದ್ಯರು ತಡೆಯ ಮಾತೆತ್ತಿಲ್ಲ’ ಎಂದಷ್ಟೇ ಹೇಳುತ್ತಿತ್ತು. ಹೊಸ ಜೆ04.10 ‘ತಡೆ ಇಲ್ಲ’ ಎಂದೇ ಹೇಳುತ್ತದೆ. ವೈದ್ಯರು ಬರೀ ‘ತೀವ್ರ ಟ್ರೇಕಿಯೈಟಿಸ್’ ಎಂದು ಬರೆದು ಬಿಟ್ಟರೂ ಕೋಡ್ ಬೀಳುವುದು ಅಲ್ಲಿಗೇ. ಅವರ ಮೌನ ದಾಖಲೆಯಲ್ಲಿ ನಿರಾಕರಣೆಯಾಗಿಬಿಡುತ್ತದೆ.

ಕೇಸ್ ಶೀಟಿನ ಒಂದು ಸಾಲು

ಒಂದು ಡಿಸ್ಚಾರ್ಜ್ ಸಮ್ಮರಿಯನ್ನು ಊಹಿಸಿಕೊಳ್ಳಿ: ‘ತೀವ್ರ ಟ್ರೇಕಿಯೈಟಿಸ್. ಸ್ಟ್ರೈಡರ್ ಇತ್ತು. ಎರಡನೇ ದಿನ ಇಂಟ್ಯುಬೇಟ್ ಮಾಡಲಾಯಿತು.’ ಸ್ಟ್ರೈಡರ್ ಎಂದರೆ ಉಸಿರಾಟದ ಕರ್ಕಶ ಸದ್ದು, ಇಂಟ್ಯುಬೇಟ್ ಎಂದರೆ ಉಸಿರಿಗೆ ಟ್ಯೂಬ್ ಹಾಕುವುದು; ಇದನ್ನು ಓದುವ ಯಾರಿಗಾದರೂ ದಾರಿ ಕಟ್ಟಿತ್ತು ಎಂಬುದು ಗೊತ್ತಾಗುತ್ತದೆ. ಆದರೂ ದಾಖಲೆ ಓದಿ ಕೋಡ್ ಹಾಕುವ ಕೋಡರ್ ತಾನಾಗಿ ಜೆ04.11 ಹಾಕುವಂತಿಲ್ಲ. ರೋಗನಿರ್ಣಯ ವೈದ್ಯರ ಮಾತು, ಊಹೆ ಕೋಡರ್ ಕೆಲಸವಲ್ಲ. ಆಗ ವೈದ್ಯರಿಗೆ ‘ಕ್ವೆರಿ’ ಹೋಗುತ್ತದೆ. ಅದರಲ್ಲೂ ಉತ್ತರವನ್ನು ಬಾಯಿಗೆ ತುರುಕುವಂತಿಲ್ಲ. ಲಕ್ಷಣಗಳನ್ನು ಮುಂದಿಟ್ಟು, ಇದರ ಅರ್ಥವೇನೆಂದು ಕೇಳಬೇಕು.

ವೈದ್ಯರು ತಡೆ ಇತ್ತೆಂದು ಬರೆದ ಮೇಲೂ ಕೆಲಸ ಉಳಿಯುತ್ತದೆ. ರೋಗಾಣು ಗೊತ್ತಿದ್ದರೆ ಬಿ95ರಿಂದ ಬಿ97ರ ನಡುವಿನ ಕೋಡ್ ಸೇರಬೇಕು. ಆಮ್ಲಜನಕ ಕುಸಿದು ಉಸಿರಾಟವೇ ವಿಫಲವಾಗಿದ್ದರೆ, ಅದನ್ನೂ ವೈದ್ಯರು ಬರೆದಿದ್ದರೆ, ಜೆ96.01. ಟ್ಯೂಬ್ ಹಾಕಿದ್ದಕ್ಕೆ ಚಿಕಿತ್ಸೆಯ ಕೋಡ್ ಬೇರೆ. ಸ್ಟ್ರೈಡರ್ ಕಾಯಿಲೆಯದೇ ಲಕ್ಷಣವಾದ್ದರಿಂದ ಅದಕ್ಕೆ ಪ್ರತ್ಯೇಕ ಕೋಡ್ ಬೇಡ. ಧ್ವನಿಪೆಟ್ಟಿಗೆಯೂ ಸೇರಿ ದಾರಿ ಕಟ್ಟಿದ್ದರೆ ಅದು ಜೆ05.0ರ ಕ್ರೂಪ್‌ನ ಸಾಲಿಗೆ ಹೋಗುತ್ತದೆ.

ನಮ್ಮ ಪಾಲು

ಬೆಂಗಳೂರು, ಚೆನ್ನೈ, ಹೈದರಾಬಾದ್‌ಗಳಲ್ಲಿ ಜೀವವಿಜ್ಞಾನ, ನರ್ಸಿಂಗ್, ಫಾರ್ಮಸಿ ಓದಿದ ಸಾವಿರಾರು ಯುವಕ ಯುವತಿಯರು ಅಮೆರಿಕದ ಚಾರ್ಟ್‌ಗಳನ್ನು ಹೀಗೆ ಸಾಲುಸಾಲಾಗಿ ಓದುತ್ತಾರೆ. ಆ ಶಿಸ್ತು ನಮ್ಮದೇ ಆಸ್ಪತ್ರೆಗಳ ದಾಖಲೆಗೆ ಇನ್ನೂ ಪೂರ್ತಿ ಇಳಿದಿಲ್ಲ. ಜನನ ಮತ್ತು ಮರಣ ನೋಂದಣಿ ಕಾಯ್ದೆ 1969ರ ಅಡಿ ಆಸ್ಪತ್ರೆಯ ಸಾವಿಗೆ ನಮೂನೆ 4ರಲ್ಲಿ ಕಾರಣ ಬರೆಯಬೇಕು: ತಕ್ಷಣದ ಕಾರಣ, ಅದಕ್ಕೆ ಹಿಂದಿನದು, ಎಲ್ಲಕ್ಕೂ ಮೂಲವಾದದ್ದು. ಅಲ್ಲಿ ‘ಹೃದಯ ಮತ್ತು ಉಸಿರಾಟ ಸ್ತಂಭನ’ ಎಂದಷ್ಟೇ ಬರೆದರೆ ಮಗುವಿನ ಶ್ವಾಸನಾಳದಲ್ಲಿ ನಡೆದದ್ದು ಲೆಕ್ಕದಿಂದಲೇ ಅಳಿಸಿಹೋಗುತ್ತದೆ. ಎಪಿಗ್ಲಾಟೈಟಿಸ್ ತರುವ ಹಿಬ್ ರೋಗಾಣುವಿಗೆ ತಡೆಯೊಡ್ಡುವ ಪೆಂಟಾವೇಲೆಂಟ್ ಲಸಿಕೆ 2011ರ ಡಿಸೆಂಬರ್‌ನಲ್ಲಿ ಕೇರಳ, ತಮಿಳುನಾಡುಗಳಲ್ಲಿ ಆರಂಭವಾಗಿ ಮುಂದೆ ಕರ್ನಾಟಕಕ್ಕೂ ಬಂತು. ಅಂಥ ಲಸಿಕೆ ಎಷ್ಟು ಉಸಿರು ಉಳಿಸಿತು ಎಂದು ತಿಳಿಯಲು ಬೇಕಾದದ್ದು ಇದೇ ಲೆಕ್ಕ.

2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11 ಮೂಲ ರೋಗದ ಕೋಡ್‌ಗೆ ರೋಗಾಣು, ತೀವ್ರತೆಗಳನ್ನು ಪೋಣಿಸಿ ಹೇಳುವ ಅವಕಾಶ ಕೊಡುತ್ತದೆ. ಪಟ್ಟಿ ಎಷ್ಟೇ ಸೂಕ್ಷ್ಮವಾದರೂ ಅದಕ್ಕೆ ಸಿಗುವುದು ವಾರ್ಡಿನಲ್ಲಿ ಬರೆದಷ್ಟೇ. ಆದ್ದರಿಂದ ಸುಧಾರಣೆ ಶುರುವಾಗಬೇಕಾದದ್ದು ಹೌಸ್ ಸರ್ಜನ್‌ಗಳ ತರಬೇತಿಯಿಂದ. ಶ್ವಾಸನಾಳದ ಉರಿಯೂತ ಎಂದು ಬರೆದ ಕೈ ಅಲ್ಲಿಗೇ ನಿಲ್ಲಬಾರದು. ತಡೆ ಇತ್ತೇ ಇಲ್ಲವೇ, ಯಾವ ಲಕ್ಷಣದಿಂದ ಗೊತ್ತಾಯಿತು, ಯಾವ ರೋಗಾಣು ಸಿಕ್ಕಿತು ಎಂಬ ಮೂರು ಮಾತು ಸೇರಿಸಲು ಒಂದು ನಿಮಿಷ ಸಾಕು. ಆ ನಿಮಿಷವನ್ನು ಚಿಕಿತ್ಸೆಯ ಭಾಗವೆಂದೇ ಕಲಿಸಬೇಕು.