ಪಾತ್ರವಿನ್ಯಾಸ: ಶಿಕಾರಿಪುರ–ಸೊರಬದ ಶಿಲ್ಪಪರಂಪರೆ

ದೇವರು, ಮನುಷ್ಯ, ಪ್ರಾಣಿ ಅಥವಾ ಕಲ್ಪಿತ ಜೀವಿಯ ಸ್ವಭಾವ ನೋಡಿದೊಡನೆ ತಿಳಿಯುವಂತೆ ಅದರ ಮೈಕಟ್ಟು, ನಿಲುವು, ಮುಖಭಾವ, ಉಡುಗೆ ತೊಡುಗೆಗಳನ್ನು ರೂಪಿಸುವ ಕಲೆಯೇ ಪಾತ್ರವಿನ್ಯಾಸ. ಆನಿಮೇಷನ್, ವಿಡಿಯೊ ಗೇಮ್, ಸಿನಿಮಾಗಳಲ್ಲಿ ಇದಕ್ಕೆ ಕ್ಯಾರೆಕ್ಟರ್ ಕಾನ್ಸೆಪ್ಟ್ ಆರ್ಟ್ ಎನ್ನುತ್ತಾರೆ. ಕಲಿಯುವವರಿಗೆ ಅಳತೆಯ ಅಭ್ಯಾಸ ಎಷ್ಟು ಬೇಕು, ಸ್ವಂತ ಕಲ್ಪನೆಗೆ ಯಾವಾಗ ಕೈಹಾಕಬೇಕು ಎಂಬುದು ಇದರ ಹಳೆಯ ಪ್ರಶ್ನೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳ ಶಿಲ್ಪಕಲೆಯಲ್ಲಿ ಎರಡಕ್ಕೂ ಜಾಗ ಗೊತ್ತುಮಾಡಿದ ರೂಢಿ ಕಾಣುತ್ತದೆ: ಪೂಜೆಯ ಮೂರ್ತಿಗೆ ಶಾಸ್ತ್ರದ ಲಕ್ಷಣ, ಸುತ್ತಲಿನ ಕೆಲಸಕ್ಕೆ ಶಿಲ್ಪಿಯ ಕಲ್ಪನೆ.

ತಾಳಮಾನ

ಮೂರ್ತಿಶಿಲ್ಪದ ಮೊದಲ ಪಾಠ ತಾಳಮಾನ. ಒಂದು ತಾಳವೆಂದರೆ ಮುಖದ ಉದ್ದ, 12 ಅಂಗುಲ. ನವತಾಳದ ಮೂರ್ತಿ 108 ಅಂಗುಲ ಎತ್ತರ. ಗಣಪತಿಗೆ ಸಾಮಾನ್ಯವಾಗಿ ಪಂಚತಾಳ, ಅಂದರೆ 60 ಅಂಗುಲ. ಇಲ್ಲಿ ಅಂಗುಲವು ಮೂರ್ತಿಯ ಗಾತ್ರಕ್ಕೆ ತಕ್ಕಂತೆ ಬದಲಾಗುವುದರಿಂದ ಗೇಣುದ್ದದ ಗಂಧದ ವಿಗ್ರಹಕ್ಕೂ ಆಳೆತ್ತರದ ಕಲ್ಲಿಗೂ ಒಂದೇ ಲೆಕ್ಕ ನಡೆಯುತ್ತದೆ. ಮುಖಕ್ಕೆ ಹೋಲಿಸಿದರೆ ಮೈ ಗಿಡ್ಡವಾದಾಗ ಮಗುತನ, ನೀಳವಾದಾಗ ಗಾಂಭೀರ್ಯ ಮೂಡುತ್ತದೆ. ಹೀಗೆ ಅಳತೆಯೇ ಪಾತ್ರದ ಗುಣವನ್ನು ಹೇಳಿಬಿಡುತ್ತದೆ.

ಬಳ್ಳಿಗಾವೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ಪ್ರಾಂತದ ರಾಜಧಾನಿಯಾಗಿತ್ತು. 1047ರಲ್ಲಿ ಚಾಮುಂಡರಾಯರಸ ಇಲ್ಲಿ ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದ. ಇಲ್ಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಯಾರೂ ಕಂಡಿರದ ಜೀವಿಯಾದರೂ ಇದು ನಂಬುವಂತಿದೆ. ಏಕೆಂದರೆ ಕಲ್ಪಿತ ತಲೆಗಳನ್ನು ಹೊತ್ತಿರುವುದು ಕಣ್ಣಿಗೆ ಪರಿಚಿತವಾದ ಮನುಷ್ಯದೇಹ.

ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕೆಲಸ ಮಾಡಿದರು. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿಯ ಮದನಿಕೆಗಳಲ್ಲಿ ನಾಲ್ಕು ದಾಸೋಜನವು, ಐದು ಚಾವಣನವು ಎಂದು ಗುರುತಿಸಲಾಗಿದೆ. ಮದನಿಕೆ ಕಂಬದ ಮೇಲಿನಿಂದ ಸೂರಿನ ಕಡೆಗೆ ಓರೆಯಾಗಿ ಚಾಚಿರುವ ಶಿಲ್ಪ. ಆ ಓರೆಗೆ ಒಪ್ಪುವಂತೆ ಸೊಂಟ, ಭುಜ, ಮಂಡಿಗಳ ಬಾಗನ್ನು ಶಿಲ್ಪಿಯೇ ಯೋಚಿಸಬೇಕಿತ್ತು. ಕನ್ನಡಿ ನೋಡಿಕೊಳ್ಳುವವಳು, ಕುಣಿಯುವವಳು, ಬೇಟೆಯಾಡುವವಳು ಹೀಗೆ ಬೇರೆ ಬೇರೆ ಪಾತ್ರಗಳು ಹುಟ್ಟಿದ್ದು ಈ ಯೋಚನೆಯಿಂದಲೇ. ಆದರೆ ಗರ್ಭಗುಡಿಯ ಮೂರ್ತಿಯ ಲಕ್ಷಣ ತಪ್ಪುವಂತಿರಲಿಲ್ಲ.

ಗುಡಿಗಾರರು

ಸೊರಬ, ಸಾಗರಗಳ ಗುಡಿಗಾರರು ಗಂಧದ ಕೆತ್ತನೆಗೆ, ಬೆಂಡಿನ ಬಾಸಿಂಗಗಳಿಗೆ ಹೆಸರಾದವರು. ಬಿ. ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರ್‌ನಲ್ಲಿ ಇವರ ಕುಸುರಿಯನ್ನು ವಿವರವಾಗಿ ವರ್ಣಿಸಿದ್ದಾನೆ. ಗಂಧದ ಪೆಟ್ಟಿಗೆಯೊಂದರ ಮುಚ್ಚಳದಲ್ಲಿ ದೇವರ ರೂಪ ನಡುವೆ ಇರುತ್ತದೆ. ಸುತ್ತಲೂ ಬಳ್ಳಿ, ಎಲೆ, ಸುರುಳಿಗಳು ಹೆಣೆದುಕೊಂಡು ನಡುನಡುವೆ ಪ್ರಾಣಿಗಳು ಇಣುಕುತ್ತವೆ. ದೇವರ ಕೈಯ ಆಯುಧ ಬದಲಿಸುವಂತಿಲ್ಲ. ಬಳ್ಳಿ ಎಲ್ಲಿ ತಿರುಗಬೇಕು, ಪ್ರಾಣಿ ಎಲ್ಲಿ ಕೂರಬೇಕು ಎಂಬುದು ಕೆತ್ತುವವನ ಇಷ್ಟ.

ವಿದ್ಯೆ ಮನೆಯಲ್ಲೇ ಹಿರಿಯರಿಂದ ಕಿರಿಯರಿಗೆ ಬಂದದ್ದು. ಮರದ ಮೇಲೆ ನಕ್ಷೆ ಬರೆದು, ಹೊರಗೆರೆ ಬಿಡಿಸಿ, ಹೆಚ್ಚಿನ ಮರ ತೆಗೆದು, ಕೊನೆಗೆ ಸಣ್ಣ ಉಳಿಗಳಿಂದ ಒಡವೆ, ಬೆರಳು, ಕಣ್ಣುಗಳನ್ನು ಬಿಡಿಸುತ್ತಾರೆ. ಒಮ್ಮೆ ತೆಗೆದ ಮರವನ್ನು ಮತ್ತೆ ಸೇರಿಸಲಾಗದು, ಗಂಧವೋ ದುಬಾರಿ. ಹಾಗಾಗಿ ಹೊಸ ಯೋಚನೆಯ ಪರೀಕ್ಷೆಯೆಲ್ಲ ನಕ್ಷೆಯಲ್ಲೇ ಮುಗಿಯಬೇಕು.

ಇಂದಿನ ಕಲಿಕೆಯಲ್ಲಿ

ಇಂದಿನ ಪಾತ್ರವಿನ್ಯಾಸಕರು ತಲೆಯ ಉದ್ದವನ್ನೇ ಅಳತೆಗೋಲಾಗಿಸಿ ವೀರನಿಗೆ ಎಂಟು ತಲೆ, ಹಾಸ್ಯಪಾತ್ರಕ್ಕೆ ಮೂರು ನಾಲ್ಕು ತಲೆಯ ಎತ್ತರ ಕೊಡುತ್ತಾರೆ. ತಾಳಮಾನದ ತರ್ಕವೂ ಇದೇ. ಡಿಜಿಟಲ್ ಪರದೆಯಲ್ಲಿ ತಪ್ಪನ್ನು ಅಳಿಸಬಹುದಾದ್ದರಿಂದ ಕಲ್ಪನೆಯ ಅಭ್ಯಾಸಕ್ಕೆ ವರ್ಷಗಟ್ಟಲೆ ಕಾಯಬೇಕಿಲ್ಲ. ಮೊದಲ ದಿನದಿಂದಲೇ ಅಳತೆ, ಕಲ್ಪನೆ ಎರಡನ್ನೂ ಜೊತೆಗೆ ನಡೆಸಬಹುದು. ಆದರೆ ಒಂದೇ ಚಿತ್ರದಲ್ಲಿ ಎಲ್ಲವನ್ನೂ ಹೊಸದಾಗಿಸದೆ, ಮೈಯಳತೆಯನ್ನು ಗಟ್ಟಿಯಾಗಿ ಹಿಡಿದು ಭಂಗಿ, ಉಡುಗೆ, ಮುಖಗಳಲ್ಲಿ ಪ್ರಯೋಗ ಮಾಡುವ ಬಳ್ಳಿಗಾವೆಯ ಕ್ರಮ ಹೊಸಬರಿಗೆ ಈಗಲೂ ಒಗ್ಗುತ್ತದೆ.