ಹತ್ತು ನಿಮಿಷದ ಸುಳ್ಳು

ನಮ್ಮ ಕಡೆ ಯಾರಾದರೂ ಅಸಹಜವಾಗಿ ಸತ್ತರೆ ಪೊಲೀಸರು ಬಂದು, ಊರಿನ ನಾಲ್ಕು ಜನ ಪಂಚರನ್ನು ಕರೆಸಿ, ಹೆಣದ ಎದುರಿಗೆ ಮಹಜರು ಬರೆಸುವುದನ್ನು ವಾಚಕರು ಕಂಡಿರಬಹುದು, ಇಲ್ಲವೆ ಕೇಳಿಯಾದರೂ ಇರಬಹುದು. ಪಂಚರು ರುಜು ಹಾಕಿ ಮನೆಗೆ ಹೋಗುತ್ತಾರೆ. ಅಲ್ಲಿಗೆ ಅವರ ಕೆಲಸ ಮುಗಿಯಿತು. ಇಂಗ್ಲೆಂಡಿನಲ್ಲಿ ಇಂಥ ಸಾವುಗಳ ವಿಚಾರಣೆಗೆ 1194ನೆಯ ಇಸವಿಯಷ್ಟು ಹಿಂದಿನಿಂದಲೂ ಕಾರೊನರ್ ಎಂಬ ಬೇರೊಬ್ಬ ಅಧಿಕಾರಿಯೇ ಇದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈತ ಸುತ್ತಮುತ್ತಲಿನ ಹನ್ನೆರಡು ಜನಕ್ಕೆ ಕಡಮೆಯಿಲ್ಲದಂತೆ ಗೃಹಸ್ಥರನ್ನು ಸೇರಿಸಿ, ಪ್ರಮಾಣ ಮಾಡಿಸಿ, ಹೆಣವನ್ನು ಕಣ್ಣಾರೆ ತೋರಿಸಿ, ಅನೇಕ ವೇಳೆ ಊರಿನ ಯಾವುದಾದರೊಂದು ಛತ್ರದಲ್ಲಿಯೋ ಹೋಟೆಲಿನಲ್ಲಿಯೋ ವಿಚಾರಣೆ ನಡೆಸುತ್ತಿದ್ದನು. ಈ ಪಂಚರು ರುಜು ಹಾಕಿ ಹೋಗುವವರಲ್ಲ. ಸಾಕ್ಷಿಗಳನ್ನು ಪ್ರಶ್ನೆ ಮಾಡಬಲ್ಲರು; ಇಂಥವನೇ ಕೊಂದನೆಂದು ಹೆಸರು ಹಿಡಿದು ಹೇಳಬಲ್ಲರು. ಹಾಗೆ ಹೇಳಿದರೆ ಆ ಮಾತಿನ ಮೇಲೆಯೇ ಆಸಾಮಿಯನ್ನು ಸೆಷನ್ಸ್ ವಿಚಾರಣೆಗೆ ಒಪ್ಪಿಸಬಹುದಾಗಿತ್ತು.

ಈ ಪದ್ಧತಿ ನಮ್ಮ ದೇಶಕ್ಕೆ ಪೂರ್ತಿ ಹೊಸದೇನೂ ಅಲ್ಲ. 1871ರಲ್ಲಿ ಇದಕ್ಕೊಂದು ಕಾಯಿದೆಯೇ ಆಯಿತು. ಮುಂಬಯಿಯಲ್ಲಿ 1999ರವರೆಗೂ ಕಾರೊನರನ ಕೋರ್ಟು ಇದ್ದಿತು; ಅಲ್ಲಿ ನೆಲೆಸಿದ ನಮ್ಮ ಕನ್ನಡಿಗರಲ್ಲಿ ಹಿರಿಯರಿಗೆ ಅದರ ನೆನಪು ಇದ್ದೀತು.

ಹಳೆಯ ಮೊಕದ್ದಮೆಗಳ ವರದಿಗಳನ್ನು ಓದುವ ಚಪಲ ನನಗೆ ಮೊದಲಿನಿಂದಲೂ ಉಂಟು. ಅವುಗಳಲ್ಲಿ ನಾನು ಮತ್ತೆ ಮತ್ತೆ ತೆರೆದು ನೋಡಿರುವುದು 1848ರ ಸ್ಟ್ಯಾನ್‌ಫೀಲ್ಡ್ ಹಾಲ್ ಪ್ರಕರಣವನ್ನು. ಒಂದೇ ರಾತ್ರಿ, ಒಂದೇ ಮನೆಯಲ್ಲಿ, ತಂದೆ ಮಗ ಇಬ್ಬರೂ ಗುಂಡಿಗೆ ಬಲಿಯಾದರು. ಸೊಸೆಗೂ ಮನೆಯ ದಾಸಿಗೂ ಗುಂಡು ತಗುಲಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಆ ರಕ್ತಪಾತವಲ್ಲ. ಸತ್ಯವೆಂಬುದು ಕಡೆಗೆ ಯಾರ ಬಾಯಿಂದ ಹೊರಬಂದಿತು ಎಂಬುದು.

ಪೂರ್ವ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ವಿಂಡಮ್ ಎಂಬ ಪೇಟೆಯ ಹತ್ತಿರ, ಸುತ್ತ ಕಂದಕವಿರುವ ದೊಡ್ಡ ಬಂಗಲೆ ಸ್ಟ್ಯಾನ್‌ಫೀಲ್ಡ್ ಹಾಲ್. ಅದರ ಯಜಮಾನ ಐಸಾಕ್ ಜರ್ಮಿ, ನಾರ್ವಿಚ್ ನಗರದ ರೆಕಾರ್ಡರ್, ಅಂದರೆ ಅಲ್ಲಿನ ನ್ಯಾಯಾಧಿಕಾರಿ. ಈತನ ಹುಟ್ಟುಹೆಸರು ಜರ್ಮಿ ಅಲ್ಲ, ಪ್ರೆಸ್ಟನ್. ಆ ಜಹಗೀರಿಯನ್ನು ಅನುಭವಿಸುವವನು ಜರ್ಮಿ ಎಂಬ ಮನೆತನದ ಹೆಸರನ್ನು ಧರಿಸಬೇಕೆಂದು ಹಿಂದಿನ ಯಜಮಾನನೊಬ್ಬನ ಉಯಿಲಿನಲ್ಲಿ ಷರತ್ತಿದ್ದುದರಿಂದ 1838ರಲ್ಲಿ ಹೆಸರು ಬದಲಾಯಿಸಿಕೊಂಡನು. ಆದರೆ ಹುಟ್ಟಿನಿಂದಲೇ ಜರ್ಮಿಗಳಾಗಿದ್ದ ಬಡ ದಾಯಾದಿಗಳು ಸುಮ್ಮನಿರುತ್ತಾರೆಯೆ? ಥಾಮಸ್ ಜರ್ಮಿ ಎಂಬವನ ಪರವಾಗಿ, ಅವನ ನೆಂಟ ಲಾರ್ನರ್ ಎಂಬವನು ಅದೇ ವರ್ಷ ಕೂಲಿಯಾಳುಗಳ ಗುಂಪು ಕಟ್ಟಿಕೊಂಡು ಬಂಗಲೆಗೆ ನುಗ್ಗಿ ಕುಳಿತನು. ಅವರನ್ನು ಹೊರಡಿಸಲು ನಾರ್ವಿಚ್‌ನಿಂದ ಕುದುರೆ ಸವಾರರನ್ನು ಕರೆಸಬೇಕಾಯಿತು. ದಾಯಾದಿ ಮತ್ಸರವೆಂಬುದು ಕುರುಕ್ಷೇತ್ರದ ಸೊತ್ತು ಮಾತ್ರವೇನಲ್ಲ.

ಈ ಬೂದಿ ಮುಚ್ಚಿದ ಕೆಂಡವನ್ನು ಊದಿದವನು ಜೇಮ್ಸ್ ಬ್ಲೋಮ್‌ಫೀಲ್ಡ್ ರಷ್. ಈತ ಜರ್ಮಿ ಮನೆತನದ ಒಕ್ಕಲು, ಹೆಂಡತಿ ಸತ್ತವನು, ಹಲವು ಮಕ್ಕಳ ತಂದೆ, ಮಾತಿನಲ್ಲಿ ಜಾಣ, ಸಾಲದಲ್ಲಿ ಮುಳುಗಿದವನು. ಬಂಗಲೆಯಿಂದ ಒಂದು ಮೈಲಿಯೂ ಇಲ್ಲದ ಪೊಟ್ಯಾಶ್ ಫಾರ್ಮ್ ಎಂಬ ಹೊಲಮನೆಯನ್ನು ಜರ್ಮಿಗೇ ಅಡವಿಟ್ಟು 5,000 ಪೌಂಡು ಸಾಲ ಪಡೆದಿದ್ದನು. ಸಾಲ ತೀರಿಸಬೇಕಾದ ಗಡುವು 1848ರ ನವೆಂಬರ್ 30. ಗಡುವು ಹತ್ತಿರವಾದಷ್ಟೂ ರಷ್‌ನ ಬುದ್ಧಿ ಕಾಗದಗಳ ಮೇಲೆ ಹರಿಯಿತು. ಜರ್ಮಿಗೆ ಈ ಜಹಗೀರಿಯ ಹಕ್ಕೇ ಇಲ್ಲವೆಂದು ಒಂದು ಪುಸ್ತಿಕೆ ಅಚ್ಚು ಹಾಕಿಸಿದನು. ಇತ್ತ ಲಾರ್ನರ್, ಥಾಮಸ್ ಜರ್ಮಿ ಇವರೊಡನೆ ಒಪ್ಪಂದ. ಅತ್ತ ಅಡವನ್ನು ಬಿಟ್ಟುಕೊಟ್ಟಂತೆ ಐಸಾಕ್ ಜರ್ಮಿಯ ಹೆಸರಿನಲ್ಲಿ ಸುಳ್ಳು ಪತ್ರಗಳು. ಈ ಖೋಟಾ ಪತ್ರಗಳಿಗೆ ಸಾಕ್ಷಿ ರುಜು ಬೇಕಷ್ಟೆ. ಅದಕ್ಕೂ ಮನೆಯಲ್ಲಿಯೇ ಒಬ್ಬಳಿದ್ದಳು.

ಅವಳ ಹೆಸರು ಎಮಿಲಿ ಸ್ಯಾಂಡ್‌ಫರ್ಡ್. ತಾಯಿಯಿಲ್ಲದ ಮಕ್ಕಳಿಗೆ ಪಾಠ ಹೇಳಲೆಂದು ಬಂದ ಹುಡುಗಿ. ಮದುವೆಯಾಗುತ್ತೇನೆಂದು ರಷ್ ಮಾತು ಕೊಟ್ಟನು, ಅವಳು ನಂಬಿದಳು. ಮಾತು ಮಾತಾಗಿಯೇ ಉಳಿಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ಇಂಥ ಹೆಣ್ಣಿನ ಗತಿ ಏನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅತ್ತ ತವರಿಲ್ಲ, ಇತ್ತ ಗಂಡನ ಮನೆಯೆಂದು ಹೇಳಿಕೊಳ್ಳುವಂತಿಲ್ಲ. ರುಜು ಹಾಕೆಂದರೆ ಹಾಕಿದಳು. ಜರ್ಮಿ ರುಜು ಹಾಕಿದ್ದನ್ನು ಅವಳು ಕಂಡಿರಲಿಲ್ಲ.

ನವೆಂಬರ್ 28, ಮಂಗಳವಾರ. ಗಡುವಿಗೆ ಇನ್ನು ಎರಡು ದಿನ. ರಾತ್ರಿ ಎಂಟು ಘಂಟೆ ದಾಟಿತ್ತು. ಐಸಾಕ್ ಜರ್ಮಿ ಊಟ ಮುಗಿಸಿ ಎಂದಿನಂತೆ ಮುಂಬಾಗಿಲಿನ ಮೊಗಸಾಲೆಗೆ ಬಂದನು. ಕತ್ತಲಲ್ಲಿ ಕಾದಿದ್ದವನು ಎದೆಗೆ ಗುಂಡಿಟ್ಟನು. ಅನಂತರ ಪಕ್ಕದ ಬಾಗಿಲಿನಿಂದ ಒಳಹೊಕ್ಕು, ಎದುರಾದ ಬಟ್ಲರ್ ವಾಟ್ಸನ್ನನನ್ನು ಬದಿಗೆ ಸರಿಸಿ ನಡೆದನು. ಸದ್ದು ಕೇಳಿ ಬಂದ ಮಗನಿಗೆ ಎರಡನೆಯ ಗುಂಡು. ಓಡಿಬಂದ ಸೊಸೆಯ ತೋಳಿಗೆ ಮತ್ತೊಂದು. ಒಡತಿಯನ್ನು ಹಿಡಿದುಕೊಂಡಿದ್ದ ದಾಸಿ ಎಲೈಜಾ ಚೆಸ್ಟ್‌ನಿಯ ತೊಡೆಗೆ ಇನ್ನೊಂದು. ಸೊಸೆಯ ತೋಳನ್ನು ಮುಂದೆ ಕತ್ತರಿಸಿ ತೆಗೆಯಬೇಕಾಯಿತು. ಲಾಯದ ಆಳೊಬ್ಬನು ಕಂದಕವನ್ನು ಈಜಿ ದಾಟಿ, ವಿಂಡಮ್ಮಿಗೆ ಸುದ್ದಿ ಮುಟ್ಟಿಸಿದನು.

ಕೊಂದವನು ವೇಷ ಮರೆಸಿಕೊಂಡಿದ್ದನು. ಹೋಗುವಾಗ ಚೀಟಿಗಳನ್ನು ಎಸೆದು ಹೋಗಿದ್ದನು. ನಾವು ಏಳು ಜನ ಇದ್ದೇವೆ, ಎಲ್ಲರ ಕೈಯಲ್ಲೂ ಆಯುಧವಿದೆ, ಆಳುಗಳು ಹೊರಗೆ ಬಂದರೆ ಜೀವ ಹೋದೀತು, ನಾವು ಬಂದಿರುವುದು ನಮ್ಮ ಆಸ್ತಿಯನ್ನು ವಶಪಡಿಸಿಕೊಳ್ಳಲು—ಇದು ಒಕ್ಕಣೆ. ಕೆಳಗೆ ಮಾಲಿಕನೆಂದು ಥಾಮಸ್ ಜರ್ಮಿಯ ಹೆಸರು. ದಾಯಾದಿಗಳ ತಲೆಗೆ ಕಟ್ಟುವ ಈ ಹಂಚಿಕೆಯಲ್ಲಿ ಒಂದು ಸಣ್ಣ ಐಬಿತ್ತು: ಪಾಪ, ಥಾಮಸ್ ಜರ್ಮಿಗೆ ಬರೆಯಲು ಬರುತ್ತಿರಲಿಲ್ಲ!

ಮನೆಯ ಆಳುಗಳಿಗೆ ಅನುಮಾನವೇ ಇರಲಿಲ್ಲ. ಮುಖ ಮುಚ್ಚಿಕೊಂಡರೇನು? ಆ ಮನೆಗೆ ಎಷ್ಟೋ ಸಲ ಬಂದುಹೋದವನ ಮೈಕಟ್ಟು, ನಡಿಗೆ ಮುಚ್ಚಿಕೊಳ್ಳುವುದುಂಟೆ? ಪೊಲೀಸರು ಆ ರಾತ್ರಿಯೇ ಪೊಟ್ಯಾಶ್ ಫಾರ್ಮನ್ನು ಸುತ್ತುಗಟ್ಟಿ, ಬೆಳಗಿನ ಜಾವ ರಷ್‌ನನ್ನು ಹಿಡಿದರು. ಹೊಲಮನೆಯಿಂದ ಬಂಗಲೆಯ ಕಡೆಗೆ ಹೋಗುವ ಕಾಲುದಾರಿಯಲ್ಲಿ ಹೆಜ್ಜೆ ಮೂಡದಂತೆ ಹುಲ್ಲು ಹಾಸಿತ್ತು.

ಆದರೆ ಕೋರ್ಟಿಗೆ ಅನುಮಾನ ಸಾಲದು, ರುಜುವಾತು ಬೇಕು. ಆ ಹೊತ್ತಿನಲ್ಲಿ ರಷ್ ಎಲ್ಲಿದ್ದನು? ಇದನ್ನು ಹೇಳಬಲ್ಲವಳು ಎಮಿಲಿ. ಆ ರಾತ್ರಿಯೇ ರಷ್ ಅವಳಿಗೆ ಪಾಠ ಹೇಳಿಕೊಟ್ಟಿದ್ದನು: ಯಾರಾದರೂ ಕೇಳಿದರೆ, ನಾನು ಹತ್ತೇ ನಿಮಿಷ ಹೊರಗೆ ಹೋಗಿದ್ದೆನೆಂದು ಹೇಳು, ಗಟ್ಟಿಯಾಗಿರು. ಹತ್ತು ನಿಮಿಷದಲ್ಲಿ ಬಂಗಲೆಗೆ ಹೋಗಿ, ಇಷ್ಟೆಲ್ಲ ಮಾಡಿ, ಹಿಂತಿರುಗಲು ಯಾರಿಂದಲೂ ಆಗದು. ಆ ಹತ್ತು ನಿಮಿಷ ನಿಂತರೆ ರಷ್ ಉಳಿದಂತೆ, ಮುರಿದರೆ ಹೋದಂತೆ. ಎಮಿಲಿ ಮೊದಲು ಹೇಳಿಕೊಟ್ಟಂತೆಯೇ ಹೇಳಿದಳು.

ಕಾರೊನರನ ಪಂಚರು ವಿಂಡಮ್ಮಿನಲ್ಲಿ ಕಲೆತರು. ಎದುರಿಗೆ ಎರಡು ಹೆಣ. ಒಂದು ನ್ಯಾಯಾಧಿಕಾರಿಯದು, ಇನ್ನೊಂದು ಅವನ ವಾರಸುದಾರನದು. ಸಾಕ್ಷಿ ಹೇಳಲು ಬಂದವರು ಯಾರು? ಬಟ್ಲರು, ದಾಸಿಯರು, ಆಳುಗಳು. ಇವರ ಮಾತನ್ನು ದೊಡ್ಡವರ ಪಡಸಾಲೆಯಲ್ಲಿ ಯಾರೂ ಕಿವಿಗೊಟ್ಟು ಕೇಳಿದವರಲ್ಲ. ಈಗ ಊರೇ ಕಿವಿಯಾಗಿ ಕುಳಿತಿತ್ತು. ಈ ಕೂಟಕ್ಕೆ ಮೂರು ನಾಲ್ಕು ವರ್ಷ ಮೊದಲು, 1844ರಲ್ಲಿ, ರಷ್‌ನ ಮಲತಂದೆಯೂ ಅವನದೇ ಮನೆಯಲ್ಲಿ ಗುಂಡು ತಗುಲಿ ಸತ್ತಿದ್ದನು. ಆಗಲೂ ಕಾರೊನರನ ವಿಚಾರಣೆ ನಡೆದು, ಆಕಸ್ಮಿಕ ಮರಣವೆಂದು ತೀರ್ಮಾನವಾಗಿತ್ತು. ನಿಜ ಏನಿದ್ದರೂ ಇರಲಿ, ಒಂದು ಮಾತು ಸ್ಪಷ್ಟ: ಪಂಚರು ಎಷ್ಟೇ ಪ್ರಾಮಾಣಿಕರಾಗಿರಲಿ, ಕಂಡವರು ಬಾಯಿ ಬಿಟ್ಟಷ್ಟೇ ಅವರಿಗೆ ಬೆಳಕು. ಈ ಸಲ ಕಂಡವರಿದ್ದರು, ಬಾಯಿಯನ್ನೂ ಬಿಟ್ಟರು. ರಷ್ ಬುದ್ಧಿಪೂರ್ವಕವಾಗಿ ಕೊಲೆ ಮಾಡಿದ್ದಾನೆಂದು ಪಂಚರು ಹೆಸರು ಹಿಡಿದೇ ತೀರ್ಮಾನ ಕೊಟ್ಟರು.

ಎಮಿಲಿಯ ಗಟ್ಟಿತನವೂ ಹೆಚ್ಚು ಕಾಲ ಉಳಿಯಲಿಲ್ಲ. ಅವಳು ಮೊದಲ ಮಾತನ್ನು ಬಿಟ್ಟು, ನಡೆದುದನ್ನು ಹೇಳಿದಳು. ರಷ್ ಮನೆ ಬಿಟ್ಟುದು ಏಳೂವರೆಯ ಸುಮಾರಿಗೆ, ಹಿಂತಿರುಗಿದುದು ಒಂಬತ್ತರ ಮೇಲೆ, ಬಂದಾಗ ಗಾಬರಿಯಲ್ಲಿದ್ದನು, ಹತ್ತು ನಿಮಿಷವೆಂದು ಹೇಳಲು ಕಲಿಸಿದವನು ಅವನೇ. ಖೋಟಾ ಪತ್ರಗಳ ಗುಟ್ಟೂ ಹೊರಬಿದ್ದಿತು.

ಇದನ್ನು ಹೇಳುವುದು ಅವಳಿಗೆ ಸುಲಭವಾಗಿತ್ತೆಂದು ಯಾರೂ ತಿಳಿಯಬಾರದು. ಸತ್ಯ ಹೇಳಬೇಕಾದರೆ ಮೊದಲು ತಾನು ಸುಳ್ಳು ಹೇಳಿದ್ದೆನೆಂದು ಒಪ್ಪಬೇಕು. ಕಾಣದ ರುಜುವಿಗೆ ಸಾಕ್ಷಿ ಹಾಕಿದೆನೆಂದು ಒಪ್ಪಬೇಕು. ತಾನು ಆ ಮನೆಯಲ್ಲಿ ಏನಾಗಿ ಇದ್ದೆನೆಂದು ನೆರೆದ ಜನದ ಮುಂದೆ ಬಾಯಿಬಿಟ್ಟು ಹೇಳಬೇಕು. ಅವಳ ಹೊಟ್ಟೆಯಲ್ಲಿ ಅವನ ಮಗುವಿತ್ತು. ಮಾನವಂತರೆನಿಸಿಕೊಂಡವರು ಎಷ್ಟೋ ಜನ ಇಷ್ಟರಲ್ಲಿ ಕಾಲುಭಾಗದ ಅವಮಾನಕ್ಕೆ ಹೆದರಿ ಸುಮ್ಮನಿದ್ದು ಬಿಡುತ್ತಾರೆ.

1849ರ ಮಾರ್ಚ್ ಕೊನೆಯಲ್ಲಿ ನಾರ್ವಿಚ್‌ನಲ್ಲಿ ಬ್ಯಾರನ್ ರೋಲ್ಫ್ ಎಂಬ ನ್ಯಾಯಾಧೀಶರ ಮುಂದೆ ವಿಚಾರಣೆ ಪ್ರಾರಂಭವಾಯಿತು. ರಷ್ ವಕೀಲರನ್ನು ಇಟ್ಟುಕೊಳ್ಳಲಿಲ್ಲ. ತನ್ನ ಜಾಣ್ಮೆಯಲ್ಲಿ ಅವನಿಗೆ ಅಷ್ಟು ನಂಬಿಕೆ! ಕಾಯಿದೆಯ ಪ್ರಕಾರ ಆಗ ಅಪರಾಧಿಯ ಸ್ಥಾನದಲ್ಲಿ ನಿಂತವನು ಪ್ರಮಾಣ ಮಾಡಿ ಸಾಕ್ಷಿ ಹೇಳುವಂತಿರಲಿಲ್ಲ; ಆ ಹಕ್ಕು ಬಂದದ್ದು 1898ರಲ್ಲಿ. ಆದರೆ ಸಾಕ್ಷಿಗಳನ್ನು ಸವಾಲು ಮಾಡಬಹುದಾಗಿತ್ತು. ರಷ್ ಎಮಿಲಿಯನ್ನು ಎದುರಿಗೆ ನಿಲ್ಲಿಸಿಕೊಂಡು ಬಹಳ ಹೊತ್ತು ಪ್ರಶ್ನಿಸಿದನು, ಹೆದರಿಸಿದನು, ಹಂಗಿಸಿದನು. ಅವಳು ಈ ಸಲ ನಿಜವಾಗಿಯೂ ಗಟ್ಟಿಯಾಗಿದ್ದಳು.

ಎಲೈಜಾ ಚೆಸ್ಟ್‌ನಿಗೆ ಇನ್ನೂ ನಡೆಯುವ ಶಕ್ತಿಯಿರಲಿಲ್ಲ. ಅವಳನ್ನು ಪರದೆ ಕಟ್ಟಿದ ಡೋಲಿಯಲ್ಲಿ ಕೋರ್ಟಿಗೆ ಹೊತ್ತು ತಂದರು. ಆ ತಲೆ, ಆ ಭುಜ ರಷ್‌ನವೇ ಎಂದು ಅವಳು ಹೇಳಿದಳು. ಅವನಂತೆ ತಲೆಯನ್ನು ಹೊತ್ತು ನಡೆಯುವವರು ಬೇರಿಲ್ಲವೆಂದಳು. ರಷ್‌ನ ಉತ್ತರ ಏನು? ಜೋ, ಡಿಕ್, ಲಾಯರು ಎಂದು ಕರೆಯಿಸಿಕೊಳ್ಳುವ ಕೆಲವರು ಬಂಗಲೆಯನ್ನು ಹಿಡಿಯಲು ಸಂಚು ಮಾಡಿದ್ದರಂತೆ, ಕೊಲೆ ಅವರದಂತೆ. ಈ ಜೋ ಯಾರು, ಡಿಕ್ ಯಾರು ಎಂದರೆ ಊರಿಲ್ಲ, ಹೆಸರಿಲ್ಲ. ಗಂಟೆಗಟ್ಟಲೆ ಭಾಷಣ ಮಾಡಿದನು. ಜೂರಿಯವರು ಕೆಲವೇ ನಿಮಿಷಗಳಲ್ಲಿ ಎದ್ದುಬಂದು, ಅಪರಾಧಿ ಎಂದರು.

ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರು ಆಡಿದ ಒಂದು ಮಾತಿನ ಭಾವ ಹೀಗಿದೆ: ಈ ಹೆಣ್ಣಿಗೆ ಕೊಟ್ಟ ಮಾತನ್ನು ನೀನು ನಡೆಸಿ ಮದುವೆಯಾಗಿದ್ದರೆ, ಕಾಯಿದೆಯೇ ಅವಳ ಬಾಯನ್ನು ಕಟ್ಟುತ್ತಿತ್ತು. ಗಂಡನ ವಿರುದ್ಧ ಹೆಂಡತಿ ಸಾಕ್ಷಿ ಹೇಳುವಂತಿಲ್ಲವೆಂಬುದು ಅಂದಿನ ಕಾನೂನು. ಅನ್ಯರ ಹೆಸರಿನಲ್ಲಿ ಇಷ್ಟೊಂದು ಕಾಗದ ಸೃಷ್ಟಿಸಿದವನಿಗೆ ಚರ್ಚಿನ ರಿಜಿಸ್ಟರಿನಲ್ಲಿ ತನ್ನ ಹೆಸರಿನದೇ ಒಂದು ರುಜು ಹಾಕಲು ಮನಸ್ಸು ಬರಲಿಲ್ಲ. ಅದೊಂದೇ ಅವನನ್ನು ಉಳಿಸಬಹುದಾಗಿದ್ದ ಕಾಗದ!

1849ರ ಏಪ್ರಿಲ್ 21ರಂದು ನಾರ್ವಿಚ್ ಕೋಟೆಯ ಮುಂದೆ, ಭಾರಿ ಜನಸ್ತೋಮದ ಎದುರಿಗೆ, ರಷ್‌ನನ್ನು ಗಲ್ಲಿಗೇರಿಸಿದರು. ಅಲ್ಲಿಗೂ ಜನರ ಕುತೂಹಲ ತೀರಲಿಲ್ಲ. ಈ ಕೊಲೆಯ ವಿಷಯವಾಗಿ ಬೀದಿಯಲ್ಲಿ ಕೂಗಿ ಮಾರಿದ ಹಾಳೆಗಳು 25 ಲಕ್ಷ ಪ್ರತಿ ಖರ್ಚಾದುವೆಂದು ಹೆನ್ರಿ ಮೇಹ್ಯೂ ಲೆಕ್ಕ ಕೊಡುತ್ತಾನೆ. ಮೇಡಮ್ ಟ್ಯೂಸಾಡಳ ಪ್ರದರ್ಶನಕ್ಕೆ ರಷ್‌ನ ಮೇಣದ ಬೊಂಬೆ ಬಂದಿತು. ಸ್ಟ್ಯಾಫರ್ಡ್‌ಷೈರಿನ ಕುಂಬಾರರು ರಷ್, ಎಮಿಲಿ, ಬಂಗಲೆ, ಹೊಲಮನೆ ಎಲ್ಲವನ್ನೂ ಪಿಂಗಾಣಿಯಲ್ಲಿ ಮಾಡಿ ಮಾರಿದರು. ಸಂಸಾರಸ್ಥರು ಅವನ್ನು ಬೆಂಕಿಗೂಡಿನ ಮೇಲೆ ಚಂದಕ್ಕೆ ಇಟ್ಟುಕೊಂಡರು. ವಿಚಾರಣೆಗೆ ಮೊದಲೇ, ಜನವರಿಯಲ್ಲಿ, ಚಾರ್ಲ್ಸ್ ಡಿಕನ್ಸ್ ಸ್ನೇಹಿತರೊಡನೆ ಹೋಗಿ ಆ ಮನೆಯನ್ನು ನೋಡಿ ಬಂದನು. ಅದೇ ಪ್ರವಾಸದಲ್ಲಿ ಕಂಡ ಯಾರ್ಮತ್ ಪಟ್ಟಣ ಅವನ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ಸೇರಿತು.

ಜನ ಬರೀ ಚಪಲಚಿತ್ತರೆಂದು ಹೇಳಿ ಮುಗಿಸುವುದು ಅನ್ಯಾಯವಾದೀತು. ಎಮಿಲಿಗೆ ಆಸರೆಯಾಗಲೆಂದು ಸಾರ್ವಜನಿಕರು ಚಂದಾ ಎತ್ತಿದರು. ಅವಳಂಥವರನ್ನು ಹೊಸಿಲು ದಾಟಿಸದ ಸಮಾಜವೇ ಅವಳಿಂದ ತನಗೆ ಉಪಕಾರವಾಯಿತೆಂದು ಒಪ್ಪಿಕೊಂಡಂತಾಯಿತು.

ಇಡೀ ಪ್ರಕರಣವನ್ನು ಒಟ್ಟಿಗೆ ನೋಡಿದರೆ ನನಗೆ ತೋರುವುದಿಷ್ಟು. ರಷ್ ಲೆಕ್ಕ ಹಾಕಿದುದೆಲ್ಲ ದೊಡ್ಡವರ ಲೆಕ್ಕ: ಉಯಿಲು, ಅಡವು, ಹಕ್ಕುಪತ್ರ, ಮೊಹರು. ಆ ಲೆಕ್ಕದಲ್ಲಿ ಒಬ್ಬ ದಾಸಿಯ ಕಣ್ಣಿಗೆ ಬೆಲೆಯಿರಲಿಲ್ಲ; ಕೈಬಿಟ್ಟ ಹೆಣ್ಣಿನ ನಾಲಗೆಗೂ ಬೆಲೆಯಿರಲಿಲ್ಲ. ಕಾರೊನರನ ವಿಚಾರಣೆಯಲ್ಲಿ ಲೋಪಗಳು ಬೇಕಾದಷ್ಟಿದ್ದುವು. ಪಂಚರೇ ಹೆಸರು ಹಿಡಿದು ಒಬ್ಬನನ್ನು ವಿಚಾರಣೆಗೆ ಕಳಿಸುವ ಅಧಿಕಾರವನ್ನು ಇಂಗ್ಲೆಂಡು 1977ರಲ್ಲಿ ತೆಗೆದುಹಾಕಿದುದೂ ಸರಿಯಾಗಿಯೇ ಇದೆ. ಆದರೆ ಅದರ ಮೂಲದಲ್ಲಿದ್ದ ಒಂದು ತತ್ತ್ವ ಹಳತಾಗತಕ್ಕದ್ದಲ್ಲ. ಸತ್ತವನು ಯಾವನೇ ಆಗಿರಲಿ, ಹೇಗೆ ಸತ್ತನೆಂದು ನಾಲ್ಕು ಜನರ ಮುಂದೆ ಕೇಳಲೇಬೇಕು. ಕಂಡವರು ಯಾರೇ ಆಗಿರಲಿ, ಅವರ ಮಾತನ್ನು ಪೂರ್ತಿ ಕೇಳಲೇಬೇಕು. ಕೇಳುವವರು ಇದ್ದುದರಿಂದಲೇ ನಾರ್ಫೋಕಿನಲ್ಲಿ ಆ ಹತ್ತು ನಿಮಿಷ ಒಂದೂವರೆ ಘಂಟೆಯಾಯಿತು.