ಬಾಯಿ ಮೂಲಕ ಸೇವಿಸುವ ಪ್ರತಿಜೀವಕಗಳು: ಹಾಸನ ಸೀಮೆಯಲ್ಲಿ ಬಳಕೆ, ಸುರಕ್ಷತೆ ಮತ್ತು ಔಷಧ ಕಾನೂನು

ಪ್ರಸ್ತಾವನೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಜ್ವರ ಬಂದವರು ಆಸ್ಪತ್ರೆಗಿಂತ ಮೊದಲು ಮೆಡಿಕಲ್ ಸ್ಟೋರಿಗೆ ಹೋಗುವುದು ಅಪರೂಪವಲ್ಲ. "ಜ್ವರಕ್ಕೆ ಒಂದು ಸೆಟ್ ಕೊಡಿ" ಎಂದರೆ ಪ್ಯಾರಸಿಟಮಾಲ್, ಶೀತದ ಮಾತ್ರೆಗಳ ಜತೆಗೆ ಒಂದು ಆಂಟಿಬಯೋಟಿಕ್ಕೂ ಪೊಟ್ಟಣ ಸೇರುತ್ತದೆ. ಇಂಥ ಪ್ರತಿಜೀವಕಗಳ ಸುರಕ್ಷತೆಯನ್ನು ಅಡ್ಡಪರಿಣಾಮಗಳ ಪಟ್ಟಿಗೆ ಸೀಮಿತಗೊಳಿಸುವುದು ರೂಢಿ. ಈ ಲೇಖನ ಎರಡು ವಿಷಯಗಳನ್ನು ಮುಂದಿಡುತ್ತದೆ: ರೋಗನಿದಾನ ತಪ್ಪಿದರೆ ಸೌಮ್ಯವಾದ ಮಾತ್ರೆಯೂ ಅಪಾಯಕ್ಕೆ ದಾರಿಯಾಗುತ್ತದೆ, ಮಾರಾಟವನ್ನು ನಿಯಂತ್ರಿಸಬೇಕಾದ ಕಾನೂನು ಅತಿ ಹೆಚ್ಚು ಬಳಕೆಯಲ್ಲಿರುವ ಮಾತ್ರೆಯನ್ನೇ ತನ್ನ ಬಿಗಿ ಪಟ್ಟಿಯಿಂದ ಹೊರಗಿಟ್ಟಿದೆ.

ಜ್ವರ ಒಂದೇ, ಕಾರಣ ಹಲವು

ಹೇಮಾವತಿ ನೀರು ಹರಿಯುವ ಗದ್ದೆ ಬಯಲಿನಲ್ಲಿ ಮಳೆಗಾಲದ ಜ್ವರಕ್ಕೆ ಕಾರಣಗಳು ಒಂದೆರಡಲ್ಲ. 2024ರಲ್ಲಿ ಡೆಂಗಿ ಈ ಜಿಲ್ಲೆಯಲ್ಲೂ ಹಬ್ಬಿತು. ಅದೇ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಡೆಂಗಿ ವೈರಸ್‌ನಿಂದ ಬರುವ ಜ್ವರವಾದ್ದರಿಂದ ಯಾವ ಆಂಟಿಬಯೋಟಿಕ್ಕೂ ಅದಕ್ಕೆ ನಾಟುವುದಿಲ್ಲ. ಇಲಿಯ ಮೂತ್ರ ಬೆರೆತ ಕೆಸರಿನಿಂದ ತಗಲುವ ಇಲಿಜ್ವರಕ್ಕೆ, ಪೊದೆಗಳಲ್ಲಿನ ಸೂಕ್ಷ್ಮ ಹುಳುಗಳು ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೆ ಅಗ್ಗದ ಡಾಕ್ಸಿಸೈಕ್ಲಿನ್ ಒಳ್ಳೆಯ ಮದ್ದು. ಸ್ಕ್ರಬ್ ಟೈಫಸ್ ರೋಗಿಯ ಕಂಕುಳಲ್ಲೋ ತೊಡೆಸಂದಿಯಲ್ಲೋ ಬೀಡಿ ತಗುಲಿ ಸುಟ್ಟಂಥ ಕಪ್ಪು ಹಕ್ಕಳೆ ಕಾಣಬಹುದು. ಬಟ್ಟೆ ಸರಿಸಿ ನೋಡದ ಹೊರತು ಅದು ಕಣ್ಣಿಗೆ ಬೀಳದು. ಅದನ್ನು ನೋಡದೆ ಅಮಾಕ್ಸಿಸಿಲಿನ್ ಅಥವಾ ಸೆಫಿಕ್ಸಿಮ್ ಕೊಟ್ಟರೆ ರೋಗಾಣುವಿಗೆ ಏನೂ ಆಗುವುದಿಲ್ಲ; ರೋಗಿ ಮಾತ್ರ ಅಮೂಲ್ಯವಾದ ದಿನಗಳನ್ನು ಕಳೆದುಕೊಳ್ಳುತ್ತಾನೆ.

ಟೈಫಾಯ್ಡ್ ವಿಷಯದಲ್ಲಿ ತೊಡಕು ಪರೀಕ್ಷೆಯಲ್ಲೇ ಇದೆ. 1896ರಲ್ಲಿ ಬಳಕೆಗೆ ಬಂದ ವಿಡಾಲ್ ಪರೀಕ್ಷೆಯನ್ನು ಒಮ್ಮೆ ಮಾತ್ರ ಮಾಡಿ ಬಂದ ‘ಪಾಸಿಟಿವ್’ ಫಲಿತಾಂಶ ಟೈಫಾಯ್ಡ್‌ಗೆ ನೆಚ್ಚಬಹುದಾದ ಪುರಾವೆಯಲ್ಲ. ಹಳೆಯ ಸೋಂಕು, ಲಸಿಕೆ, ಬೇರೆ ಜ್ವರಗಳಲ್ಲೂ ಅದು ಪಾಸಿಟಿವ್ ಬರಬಹುದು. ಔಷಧ ಶುರುಮಾಡುವ ಮೊದಲು ತೆಗೆದ ರಕ್ತದ ಕಲ್ಚರ್ ಇದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. 2006ರಲ್ಲಿ ಸ್ಥಾಪನೆಯಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಬೋಧನಾ ಸಂಸ್ಥೆಯ ನಿಜವಾದ ಪ್ರಯೋಜನ ಇಂಥ ಪರೀಕ್ಷೆಗಳು ತಾಲ್ಲೂಕಿನ ವೈದ್ಯರ ಕೈಗೂ ಎಟುಕಿದಾಗ ದಕ್ಕುತ್ತದೆ. ಅಂಗಡಿಯಲ್ಲಿ ಒಂದೆರಡು ಮಾತ್ರೆ ನುಂಗಿ ಬಂದವರಲ್ಲಿ ಕಲ್ಚರ್ ಕೂಡ ಸುಳ್ಳು ಹೇಳಬಹುದು ಎಂಬುದು ಗಮನಾರ್ಹ.

ಭೇದಿಯ ಕಥೆಯೂ ಇದೇ. ಮಕ್ಕಳ ನೀರುಭೇದಿಗೆ ಬೇಕಾದದ್ದು ಓಆರ್‌ಎಸ್ ಮತ್ತು 10ರಿಂದ 14 ದಿನ ಸತುವಿನ ಮಾತ್ರೆ. ಕೇಳಿದೊಡನೆ ಸಿಗುವುದೋ ಆಫ್ಲಾಕ್ಸಾಸಿನ್–ಆರ್ನಿಡಜೋಲ್ ಜೋಡಿ ಮಾತ್ರೆ.

ಸಾಮಾನ್ಯ ಮಾತ್ರೆಗಳ ಅಪಾಯ

ಅಮಾಕ್ಸಿಸಿಲಿನ್ ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿಗೆ, ಮಕ್ಕಳ ನ್ಯುಮೋನಿಯಾಕ್ಕೆ ಇಂದಿಗೂ ಮೊದಲ ಆಯ್ಕೆ. ಆದರೆ ಪೆನ್ಸಿಲಿನ್ ಅಲರ್ಜಿ ಇದ್ದವರಿಗೆ ಅದು ಪ್ರಾಣಕ್ಕೇ ಎರವಾಗಬಹುದು. ಡಾಕ್ಸಿಸೈಕ್ಲಿನ್ ನುಂಗಿದ ಕೂಡಲೇ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗಬಹುದು. ಹಾಗಾಗಿ ಲೋಟ ತುಂಬ ನೀರು ಕುಡಿದು ಅರ್ಧ ಗಂಟೆಯಾದರೂ ಕೂತಿರಬೇಕು. ಅದನ್ನು ಸೇವಿಸುತ್ತ ಬಿಸಿಲಲ್ಲಿ ಹೊಲಗೆಲಸ ಮಾಡಿದರೆ ಚರ್ಮ ಬೇಗ ಸುಡುತ್ತದೆ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್‌ಗಳನ್ನು ಕಬ್ಬಿಣಾಂಶದ ಮಾತ್ರೆ, ಆಂಟಾಸಿಡ್‌ಗಳ ಜತೆಗೆ ನುಂಗಿದರೆ ಔಷಧ ರಕ್ತಕ್ಕೆ ಸೇರುವ ಪ್ರಮಾಣ ಕುಗ್ಗುತ್ತದೆ. ಹಾಲಿನೊಂದಿಗೆ ಸೇವಿಸುವುದೂ ಸಲ್ಲ. ಸಿಪ್ರೊಫ್ಲಾಕ್ಸಾಸಿನ್ ಸೇರಿದ ಫ್ಲೋರೊಕ್ವಿನೊಲೋನ್ ಗುಂಪಿನ ಮಾತ್ರೆಗಳಿಂದ ಸ್ನಾಯುರಜ್ಜು ಹರಿಯುವ ಸಾಧ್ಯತೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಎಚ್ಚರಿಸಿದೆ.

ಅಜಿತ್ರೊಮೈಸಿನ್‌ಗೆ ಹೃದಯದ ಬಡಿತದ ಲಯ ತಪ್ಪಿಸುವ ಗುಣವಿದೆ. 2012ರ ಅಮೆರಿಕದ ಅಧ್ಯಯನವೊಂದು ಅಮಾಕ್ಸಿಸಿಲಿನ್‌ಗೆ ಹೋಲಿಸಿ 10 ಲಕ್ಷ ಚಿಕಿತ್ಸೆಗಳಿಗೆ 47 ಹೆಚ್ಚುವರಿ ಹೃದಯ ಸಂಬಂಧಿ ಸಾವುಗಳನ್ನು ಅಂದಾಜಿಸಿತು. ಹೃದ್ರೋಗದ ಅಪಾಯ ಅತಿ ಹೆಚ್ಚಿರುವವರಲ್ಲಿ ಆ ಸಂಖ್ಯೆ 245. 2025ರ ಮಧ್ಯಭಾಗದಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯದ ಗಮನ ಸೆಳೆದವು. ಅವಕ್ಕೂ ಈ ಮಾತ್ರೆಗೂ ನಂಟು ಕಲ್ಪಿಸಲು ಆಧಾರವಿಲ್ಲ. ಆದರೆ ಹೃದಯದ ಔಷಧ ತೆಗೆದುಕೊಳ್ಳುತ್ತಿರುವವರಿಗೆ ಅಜಿತ್ರೊಮೈಸಿನ್ ಕೊಡುವ ಮೊದಲು ಒಂದು ಮಾತು ವಿಚಾರಿಸಬೇಕೆಂಬುದಕ್ಕೆ ಮೇಲಿನ ಅಧ್ಯಯನವೇ ಸಾಕು.

ಕಾನೂನಿನ ಬಿರುಕು

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಪ್ರತಿಜೀವಕಗಳನ್ನು ಮೂರು ಗುಂಪು ಮಾಡಿತು. ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್ ಮೊದಲು ಬಳಸಬಹುದಾದವು. ಅಜಿತ್ರೊಮೈಸಿನ್, ಸೆಫಿಕ್ಸಿಮ್, ಸಿಪ್ರೊಫ್ಲಾಕ್ಸಾಸಿನ್ ನಿಗಾವಹಿಸಿ ಕೊಡಬೇಕಾದವು. ಮೂರನೆಯವು ಕೊನೆಯ ಅಸ್ತ್ರಗಳು. ಭಾರತದ ಖಾಸಗಿ ವಲಯದ 2019ರ ಅಂಕಿಅಂಶಗಳ ವಿಶ್ಲೇಷಣೆಯಲ್ಲಿ ಅತಿ ಹೆಚ್ಚು ಬಳಕೆಯಾದದ್ದು 500 ಮಿ.ಗ್ರಾಂ. ಅಜಿತ್ರೊಮೈಸಿನ್, ಎರಡನೆಯದು 200 ಮಿ.ಗ್ರಾಂ. ಸೆಫಿಕ್ಸಿಮ್. ಎರಡೂ ನಿಗಾದ ಗುಂಪಿನವೇ. ದಿನಕ್ಕೊಂದರಂತೆ ಮೂರೋ ಐದೋ ಮಾತ್ರೆಗೆ ಚಿಕಿತ್ಸೆ ಮುಗಿಯುವುದು ಅಜಿತ್ರೊಮೈಸಿನ್ ಮಾರಾಟಕ್ಕೆ ಅನುಕೂಲವಾಗಿದೆ.

2014ರ ಮಾರ್ಚ್ 1ರಂದು ಜಾರಿಗೆ ಬಂದ, ಔಷಧ ನಿಯಮಗಳ ಷೆಡ್ಯೂಲ್ ಎಚ್‌1 ಪ್ರಕಾರ ಪಟ್ಟಿಯಲ್ಲಿರುವ ಔಷಧ ಮಾರಿದಾಗ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಅದರ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಕಾಪಿಡಬೇಕು. ಅಂದು ಹೊರಬಂದ 46 ಔಷಧಗಳ ಪಟ್ಟಿಯಲ್ಲಿ ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್ ಇದ್ದವು. ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಾಸಿನ್ ಇರಲಿಲ್ಲ. ಅವಕ್ಕೂ ವೈದ್ಯರ ಚೀಟಿ ಕಡ್ಡಾಯವೇ, ಆದರೆ ಆ ರಿಜಿಸ್ಟರಿನ ಕಟ್ಟುಪಾಡಿಲ್ಲ. ಚೀಟಿಯಿಲ್ಲದೆ ಕೊಳ್ಳಬಾರದ ಔಷಧವನ್ನು ಸ್ಟ್ರಿಪ್ ಮೇಲಿನ ಕೆಂಪು ಗೆರೆಯಿಂದ ಗುರುತಿಸಲು ಹೇಳಿದ 2016ರ ಜಾಗೃತಿ ಅಭಿಯಾನವೂ ಅಂಗಡಿಯ ಕತ್ತರಿಗೆ ಸೋಲುತ್ತದೆ: ಸ್ಟ್ರಿಪ್‌ನಿಂದ ಎರಡು ಮಾತ್ರೆ ಕತ್ತರಿಸಿ ಕೊಟ್ಟಾಗ ಔಷಧದ ಪೂರ್ಣ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಅಂಗಡಿಯಲ್ಲೇ ಉಳಿದುಬಿಡಬಹುದು. ಮೈಮೇಲೆ ಗಂದೆ ಎದ್ದಾಗ ಏನು ನುಂಗಿದ್ದೆವೆಂದು ವೈದ್ಯರಿಗೆ ಹೇಳಲು ರೋಗಿಯ ಬಳಿ ಏನೂ ಇರುವುದಿಲ್ಲ.

ನಿಷ್ಕರ್ಷೆ

ಪ್ರತಿಜೀವಕಗಳಿಗೆ ಬಗ್ಗದ ರೋಗಾಣುಗಳು 2019ರಲ್ಲಿ ಜಗತ್ತಿನಾದ್ಯಂತ ನೇರವಾಗಿ 12.7 ಲಕ್ಷ ಸಾವಿಗೆ ಕಾರಣವಾದವು ಎಂಬುದು ಪ್ರಮುಖ ಅಂದಾಜು. ಈ ಹೊರೆ ತಗ್ಗಿಸಲು ‘ಕೋರ್ಸ್ ಮುಗಿಸಿ’ ಎಂಬ ಉಪದೇಶವಷ್ಟೇ ಸಾಲದು. ಬೇಡದ ಕೋರ್ಸ್ ಶುರುವಾಗದಂತೆ ನೋಡಿಕೊಳ್ಳುವುದು ಮೊದಲ ಕೆಲಸ. ನಿಗಾದ ಗುಂಪಿನ ಬಾಯಿ ಮಾತ್ರೆಗಳೆಲ್ಲ ರಿಜಿಸ್ಟರಿಗೆ ಒಳಪಡಬೇಕು. ಬಿಡಿ ಮಾತ್ರೆಯ ಪೊಟ್ಟಣದ ಮೇಲೆ ಔಷಧದ ಹೆಸರನ್ನು ಬರೆದೇ ಕೊಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ರಕ್ತದ ಮಾದರಿ ಅಂದೇ ಹಾಸನದ ಪ್ರಯೋಗಾಲಯ ತಲುಪುವ ವ್ಯವಸ್ಥೆ ಇರಬೇಕು. ಮೊದಲೆರಡಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಮೂರನೆಯದಕ್ಕೆ ಆಗುವ ವೆಚ್ಚ ತಪ್ಪು ಔಷಧದಿಂದ ಬಿಗಡಾಯಿಸಿದ ರೋಗಿಯನ್ನು ಐಸಿಯುವಿನಲ್ಲಿ ಉಳಿಸಿಕೊಳ್ಳುವ ವೆಚ್ಚಕ್ಕಿಂತ ಕಡಿಮೆಯೇ ಇರಬಹುದು.